ದುರ್ಗಪ್ಪ ತಿನ್ನದ ಬಾತು

ಕಾಗಾಲದ ದುರ್ಗಪ್ಪ ಬಾತು ತಿನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಯಾರೂ ಇದನ್ನು ನಂಬುವುದಿಲ್ಲ. ಊರಿನವರು ನಂಬಲಿಲ್ಲ, ಬೀಗರಾಗಬೇಕಾಗಿದ್ದವರು ನಂಬಲಿಲ್ಲ, ಜೀಪು ಹತ್ತಿ ಬಂದ ಸರಕಾರವೂ ನಂಬಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ತಿಂದೆ ತಿಂದೆ ಎಂದು ಊರೆಲ್ಲ ಹೇಳಿಕೊಂಡು ಬಂದವನು ಸ್ವತಃ ದುರ್ಗಪ್ಪನೇ.

ನಡೆದದ್ದು ಇಷ್ಟು. ಅದು ಅರವತ್ನಾಲ್ಕರ ಚಳಿಗಾಲ. ಹೊಳೆದಂಡೆಯ ಗಜನಿ ಗದ್ದೆಯಲ್ಲಿ ಉಪ್ಪುನೀರಿಗೂ ಬಗ್ಗದೆ ಬೆಳೆಯುವ ಕಗ್ಗದ ಭತ್ತ ಮನೆ ಸೇರಿಯಾಗಿತ್ತು. ಅಘನಾಶಿನಿ ಹೊಳೆಯ ಉಪ್ಪುನೀರನ್ನು ಗದ್ದೆಯೊಳಗೆ ಬಿಟ್ಟುಕೊಂಡು, ಅದು ಇಳಿಯುವಾಗ ಕಟ್ಟೆಯ ತೂಬಿನ ಜಂತ್ರಡಿ ಬಾಗಿಲಿಗೆ ಬಲೆ ಕಟ್ಟಿ ಶೆಟ್ಲಿ, ಅಂದರೆ ಸಿಗಡಿ, ಹಿಡಿಯುವ ದಿನಗಳು. ಒಂದು ಬೆಳಿಗ್ಗೆ ದುರ್ಗಪ್ಪ ಬಲೆ ಎತ್ತಿದರೆ ಶೆಟ್ಲಿ, ಏಡಿ, ಕೆಸರಿನ ನಡುವೆ ಒಂದು ಬಾತು ಕುಳಿತಿತ್ತು. ಪ್ರತಿ ಚಳಿಗಾಲಕ್ಕೆ ಎಲ್ಲಿಂದಲೋ ಹಿಂಡು ಹಿಂಡಾಗಿ ಬಂದು, ಬಿಸಿಲು ಏರುವ ಹೊತ್ತಿಗೆ ಎಲ್ಲಿಗೋ ಹೋಗುವ ಜಾತಿಯದು. ಬಲೆಯ ದಾರ ಕಾಲಿಗೆ ಸುತ್ತಿಕೊಂಡಿತ್ತು. ಇನ್ನೊಂದು ಕಾಲಿನಲ್ಲಿ ಬೆಳ್ಳಗಿನ ಲೋಹದ ಬಳೆ ಇತ್ತು, ಅದರ ಮೇಲೆ ಏನೋ ಅಕ್ಷರ ಕೊರೆದಿದ್ದರು. ದುರ್ಗಪ್ಪನಿಗೆ ಕನ್ನಡವೇ ಓದಲು ಬಾರದು. ಅವನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಮನೆಗೆ ತಂದು ಹೆಂಡತಿ ಮಾಸ್ತಮ್ಮನಿಗೆ ತೋರಿಸಿದ. ಅವಳು ಒರಳಿನ ಮುಂದೆ ಕುಳಿತು ಕೊತ್ತಂಬರಿ, ಮೆಣಸು, ತೆಂಗಿನಕಾಯಿ ಹಾಕಿ ಮಸಾಲೆ ಅರೆಯತೊಡಗಿದಳು. ದುರ್ಗಪ್ಪ ಕತ್ತಿ ಹಿಡಿದು ಹಿತ್ತಿಲಿಗೆ ಹೋದ. ಬಾತು ತಲೆ ಓರೆ ಮಾಡಿ ಅವನನ್ನು ಒಂದೇ ಕಣ್ಣಿನಿಂದ ನೋಡಿತು. ಅಲ್ಲಿಗೆ ಮುಗಿಯಿತು. ಅವನು ಕತ್ತಿಯನ್ನು ಪಕ್ಕಕ್ಕಿಟ್ಟು, ದಾರ ಬಿಡಿಸಿ, ಗಾಯವಾದ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹಳ್ಳದ ದಂಡೆಯಲ್ಲಿ ಬಿಟ್ಟುಬಂದ.

"ಕೈ ಜಾರ್ತು" ಎಂದ ಒಳಗೆ ಬಂದು.

"ಗೊತ್ತಿತ್ತು" ಎಂದಳು ಮಾಸ್ತಮ್ಮ. ಅರೆದ ಮಸಾಲೆಯನ್ನು ಹಾಳು ಮಾಡಲಿಕ್ಕಾಗುತ್ತದೆಯೇ? ಬದನೆಕಾಯಿಗೆ ಒಣ ಶೆಟ್ಲಿ ಸೇರಿಸಿ ಆ ಮಸಾಲೆಯಲ್ಲೇ ಕುದಿಸಿದಳು. ಕಾಗಾಲದ ಅರ್ಧ ಕೇರಿಗೆ ಅದರ ಪರಿಮಳ ಹೋಯಿತು.

ಮರುದಿನ ವೆಂಕ್ಟ್ರಮಣನ ಚಾದಂಗಡಿಯಲ್ಲಿ ನೆರೆಮನೆಯ ಸುಬ್ಬ ಕೇಳಿದ, "ಎಂತ ದುರ್ಗಪ್ಪಣ್ಣ, ನಿಮ್ಮನಿ ಮಸಾಲಿ ಪರಿಮಳಕ್ಕೆ ನಿನ್ನೆ ನಂಗೆ ಗಂಜಿನೇ ಸೇರ್ಲಿಲ್ಲ. ಎಂತ ಮಾಡಿದ್ರಿ?"

"ಅಂವ ಎಂತ ಮಾಡ್ತಾ, ಬದ್ನೆಕಾಯಿ ಹೊಡ್ಕಂಡು ಬಂದಿರ್ಬೇಕು" ಎಂದ ವೆಂಕ್ಟ್ರಮಣ ಚಾ ಎತ್ತಿ ಹುಯ್ಯುತ್ತ. ಅಂಗಡಿಯೆಲ್ಲ ನಕ್ಕಿತು. ದುರ್ಗಪ್ಪ ಏಡಿ ಹಿಡಿಯಲು ಹೋದರೆ ಏಡಿಯೇ ಅವನನ್ನು ಹಿಡಿದುಕೊಂಡು ಬರುತ್ತದೆ ಎಂಬುದು ಊರಿನ ಹಳೆಯ ತಮಾಷೆ. ವರ್ಷಗಟ್ಟಲೆ ಅದನ್ನು ನಗುತ್ತ ಸಹಿಸಿಕೊಂಡಿದ್ದ ಮನುಷ್ಯನಿಗೆ ಅಂದು ಮಾತ್ರ ಏನಾಯಿತೋ.

"ಬಾತು" ಎಂದ ದುರ್ಗಪ್ಪ.

ನಗು ನಿಂತಿತು. ನಿಂತ ನಗು ಮತ್ತೆ ಶುರುವಾಗಬಾರದೆಂದು ಅವನು ಬಿಡದೆ ಮಾತಾಡಿದ. ಬಾತು ಎಷ್ಟು ದೊಡ್ಡದಿತ್ತು, ರೆಕ್ಕೆ ಬಡಿದ ಹೊಡೆತಕ್ಕೆ ತಾನು ಹೇಗೆ ಬೀಳುವಂತಾದೆ, ಕಾಲಿಗೆ ಎಂಥಾ ಬೆಳ್ಳಿಯಂಥ ಬಳೆ ಇತ್ತು, ಎಲ್ಲ ಹೇಳಿದ. "ಕತ್ತಿ ಎತ್ತಿದ್ದು ಮಾತ್ರ ಕಂಡದ್ದು. ಬಾತಿಗೆ ಸತ್ತದ್ದೇ ಗೊತ್ತಾಗ್ಲಿಲ್ಲ" ಎಂದು ಮುಗಿಸಿದ. ಒಂದು ಲೆಕ್ಕಕ್ಕೆ ಈ ಕೊನೆಯ ಮಾತು ಶುದ್ಧ ಸತ್ಯ.

ಇಂಥ ಸುದ್ದಿಯಲ್ಲಿ ತಮಗೊಂದು ಪಾಲಿಲ್ಲ ಎಂದರೆ ನೆರೆಹೊರೆಯವರಿಗೆ ಮರ್ಯಾದೆ ಉಳಿಯುತ್ತದೆಯೇ? ಸಂಜೆಯ ಹೊತ್ತಿಗೆ ಸುಬ್ಬ ತನಗೊಂದು ಬಟ್ಟಲು ಸಾರು ಬಂದಿತ್ತೆಂದು ಹೇಳಿದ. ತನಗೆ ಕಾಲೇ ಬಂದಿತ್ತೆಂದು ವೆಂಕ್ಟ್ರಮಣ ಗಿರಾಕಿಗಳಿಗೆ ತಿಳಿಸಿದ. ಅದು ಕೇಳಿದ ಮೇಲೆ ಸುಬ್ಬನಿಗೆ ಬರೀ ಸಾರು ಸಾಲಲಿಲ್ಲ, ಅವನಿಗೂ ಒಂದು ಕಾಲು ಬಂತು. ಊರ ಅಮ್ಮನವರ ಪೂಜೆ ಮಾಡುವ ರಾಮ ಗುನಗ ಕೂಡ ಮೀಸೆ ಒರೆಸಿಕೊಂಡು, "ಕಾಲು ಚೂರು ಗಟ್ಟಿ ಇತ್ತು" ಎಂದು ಅಭಿಪ್ರಾಯ ಕೊಟ್ಟ. ದುರ್ಗಪ್ಪ ಯಾವುದನ್ನೂ ಅಲ್ಲಗಳೆಯಲಿಲ್ಲ. ಊರಿಗೆ ಊಟ ಹಾಕಿದ ಮನುಷ್ಯನ ನಡಿಗೆ ಹೇಗಿರುತ್ತದೋ ಹಾಗೆ ನಡೆಯುತ್ತಿದ್ದ.

ಅವನ ಮಗಳು ಸಣ್ಣಿಗೆ ಅದೇ ತಿಂಗಳು ಒಂದು ಸಂಬಂಧ ಬಂತು. ಹೊನ್ನಾವರದ ಕಡೆಯ ಹುಡುಗ, ಹೆಸರು ಹೊನ್ನ, ಕುಮಟೆಯಲ್ಲಿ ಫಾರೆಸ್ಟ್ ಗಾರ್ಡ್. ತಂದೆ ಇಲ್ಲ, ತಾಯಿ ಪರಮೇಶ್ವರಿಯದೇ ಮನೆಯ ಕಾರುಬಾರು. ಮಧ್ಯಸ್ಥಿಕೆ ವೆಂಕ್ಟ್ರಮಣನದು. ಹುಡುಗ ಒಮ್ಮೆ ಅವನ ಅಂಗಡಿಗೆ ಚಾ ಕುಡಿಯಲು ಬಂದಾಗ ನೀರು ಹೊತ್ತು ಹೋಗುತ್ತಿದ್ದ ಸಣ್ಣಿಯನ್ನು ನೋಡಿ ಚಾ ಆರಿಸಿಕೊಂಡಿದ್ದ. ಆ ಆರಿದ ಚಾ ನೋಡಿಯೇ ವೆಂಕ್ಟ್ರಮಣ ಕೆಲಸಕ್ಕೆ ಕೈ ಹಾಕಿದ್ದು.

ಹೆಣ್ಣು ನೋಡಲು ಬಂದ ದಿನ ಎಲ್ಲ ಸುಸೂತ್ರವಾಗಿತ್ತು. ಹೊನ್ನ ಖಾಕಿ ಬಟ್ಟೆಯಲ್ಲೇ ಬಂದಿದ್ದ, ಟೊಪ್ಪಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಸಣ್ಣಿ ಅವಲಕ್ಕಿ ತಂದಿಟ್ಟು ಒಳಗೆ ಹೋಗುವಾಗ ಒಂದು ಸಲ ತಿರುಗಿ ನೋಡಿದಳು. ಅದು ಪರಮೇಶ್ವರಿಯ ಕಣ್ಣಿಗೂ ಬಿತ್ತು, ಅವಳಿಗೆ ಬೇಸರವೇನೂ ಆಗಲಿಲ್ಲ. ಆಗ ಅವಳು ದುರ್ಗಪ್ಪನ ಕಡೆ ನೋಡಿ ಸುಮ್ಮನೆ ಮಾತಿಗೆ ಕೇಳಿದಳು, "ಬಾವನವ್ರು ಬಾಳಾ ಪಾಪದವ್ರು ಅಂತ ಕೇಳಿದ್ದೆ, ಹೌದಾ?"

ಸಾಧು ಮನುಷ್ಯ ಎಂಬ ಅರ್ಥದಲ್ಲಿ ಅವಳು ಹೊಗಳಿಕೆಯಾಗಿ ಕೇಳಿದ್ದಳು. ವೆಂಕ್ಟ್ರಮಣನಿಗೆ ಅದು ಆಕ್ಷೇಪಣೆಯಾಗಿ ಕಂಡಿತು.

"ಪಾಪದವ್ರಾ? ಯಾರು ಹೇಳಿದ್ದು ಅಕ್ಕಾ? ಮೊನ್ನೆ ಗಜನಿಲಿ ಇಷ್ಟ್ ದೊಡ್ಡ ಬಾತು ಹಿಡ್ದು, ಒಂದೇ ಏಟಿಗೆ ಕಡ್ದು, ಊರಿಗೆಲ್ಲಾ ತಿನ್ಸಿದ್ರು. ಅದ್ರ ಕಾಲಿಗೆ ಬಳಿ ಬೇರೆ ಇತ್ತು. ಅಲ್ದನಾ ದುರ್ಗಪ್ಪಣ್ಣ?"

ಬೀಗರ ಮುಂದೆ, ಅದೂ ಮಧ್ಯಸ್ಥನನ್ನು ಸುಳ್ಳುಗಾರ ಮಾಡುವುದು ಹೇಗೆ? ದುರ್ಗಪ್ಪ ಗಂಟಲು ಸರಿಮಾಡಿಕೊಂಡು, "ಅದೆಂತ ದೊಡ್ಡ ವಿಷ್ಯ" ಎಂದ.

ಹೊನ್ನ ಅವಲಕ್ಕಿಯ ತಟ್ಟೆ ಕೆಳಗಿಟ್ಟ. ಪರಮೇಶ್ವರಿ ಬಾಯಿಗೆ ಹಾಕಿದ್ದನ್ನು ನುಂಗದೆ ಹಾಗೇ ಕುಳಿತಳು. ತಾಯಿ ಮಗ ಇಬ್ಬರೂ ಒಂದೇ ಕ್ಷಣದಲ್ಲಿ ಬೆಚ್ಚಿದ್ದರು, ಆದರೆ ಕಾರಣ ಬೇರೆ ಬೇರೆ.

"ಕಾಡುಹಕ್ಕಿ ಹೊಡೂಕೆ ಲೈಸನ್ಸ್ ಬೇಕು ಮಾವ" ಎಂದ ಹೊನ್ನ. ಅವನ ಧ್ವನಿಯೇ ಬದಲಾಗಿತ್ತು. "ಕಾಯ್ದೆ ಬಂದಿದೆ. ಸಾಹೇಬ್ರು ನಮ್ಗೆ ಕೂರ್ಸಿ ಹೇಳಿದಾರೆ. ಅದ್ರಲ್ಲೂ ಬಳಿ ಹಾಕಿದ್ದು ಅಂದ್ರೆ..."

"ನೀ ಸುಮ್ನಿರು" ಎಂದಳು ತಾಯಿ. "ಬಳಿ ಹಾಕಿದ್ದು ಅಂದ್ರೆ ಹರ್ಕಿದು. ಯಾರೋ ಪುಣ್ಯಾತ್ಮ್ರು ದೇವ್ರಿಗೆ ಅಂತ ಬಿಟ್ಟದ್ದನ್ನ ನೀವು ಮಸಾಲಿ ಹಾಕಿ ತಿಂದ್ರಾ?"

ಈ ಮಾತು ಬಂದದ್ದೇ ಮನೆಯಲ್ಲಿದ್ದವರಿಗೆಲ್ಲ ಮೈ ತಣ್ಣಗಾಯಿತು. ಆ ಕಡೆಯ ಹಳ್ಳಿಗಳಲ್ಲಿ ದೇವರಿಗೆಂದು ಹೇಳಿಕೊಂಡ ಕೋಳಿಯ ಕಾಲಿಗೆ ಬಳೆ ಹಾಕುತ್ತಾರೆ. ಅದು ಯಾರ ಅಂಗಳಕ್ಕೆ ಬಂದರೂ ಅಕ್ಕಿ ಎರಚುತ್ತಾರೆಯೇ ಹೊರತು ಮುಟ್ಟುವುದಿಲ್ಲ. ಕೋಳಿಗೆ ಇರುವ ನ್ಯಾಯ ಬಾತಿಗೂ ಇರಬೇಕಲ್ಲ. ಇದು ಇಷ್ಟು ದಿನ ಯಾರಿಗೂ ಹೊಳೆಯದೆ ಇದ್ದದ್ದು ಹೇಗೆಂದು ವೆಂಕ್ಟ್ರಮಣ ಆಶ್ಚರ್ಯಪಟ್ಟ. ಹೊಟ್ಟೆಯಲ್ಲಿ ಏನೋ ಸಂಕಟವಾದಂತೆಯೂ ಅವನಿಗೆ ಅನಿಸಿತು.

"ತಿನ್ಲಿಲ್ಲ" ಎಂದ ದುರ್ಗಪ್ಪ ಗಾಬರಿಯಿಂದ. "ನಾ ಬಿಟ್ಟುಬಿಟ್ಟೆ. ದೇವ್ರಾಣೆ ಬಿಟ್ಟೆ."

"ಈಗ ಅಷ್ಟೇ ದೊಡ್ಡ ವಿಷ್ಯ ಅಲ್ಲ ಅಂದ್ರಿ" ಎಂದು ಪರಮೇಶ್ವರಿ ಎದ್ದಳು. ಮಾಸ್ತಮ್ಮ ಅಡ್ಡಬಂದು, ಅದು ಬದನೆಕಾಯಿ ಸಾರು, ಶೆಟ್ಲಿ ಹಾಕಿದ್ದು ಎಂದು ಹೇಳಿದಳು. ಮಾಸ್ತಮ್ಮ ಗಂಡನ ಮಾತಿಗೆ ಹೌದೆಂದದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ. ಹಾಗಾಗಿ ಅವಳು ಹೇಳಿದ್ದು ಸುಳ್ಳೇ ಇರಬೇಕೆಂದು ವೆಂಕ್ಟ್ರಮಣ ತೀರ್ಮಾನಿಸಿದ. ಬಂದವರು ವೀಳ್ಯ ಮುಟ್ಟದೆ ಹೊರಟುಹೋದರು.

ಸಣ್ಣಿ ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅಳುವ ಜಾತಿಯ ಹುಡುಗಿಯಲ್ಲ. ತಟ್ಟೆ ಎತ್ತುತ್ತ, "ಅಪ್ಪಾ, ನಂಗೆ ಆ ಹುಡ್ಗ ಅಡ್ಡಿಲ್ಲ ಅನ್ಸಿತ್ತು" ಎಂದಳು. ಬೈದಿದ್ದರೆ ದುರ್ಗಪ್ಪ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗದೆ ಹಿತ್ತಿಲಿಗೆ ಹೋಗಿ, ಬಾತು ಬಿಟ್ಟ ಹಳ್ಳದ ದಂಡೆಯಲ್ಲಿ ಕುಳಿತು ಕಣ್ಣು ಒರೆಸಿಕೊಂಡ.

ಹೊನ್ನನೂ ಆ ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ. ಆದರೆ ಹೊಸ ನೌಕರಿ, ಹೊಸ ಖಾಕಿ, ಹೊಸ ಕಾಯ್ದೆ. ಮೂರೂ ಗರಿಗರಿಯಾಗಿದ್ದವು. ಮುಂಬಯಿ ಸರಕಾರ ಇದ್ದಾಗಲೂ ಹಕ್ಕಿಗಳಿಗೆ ಕಾಯ್ದೆ ಇತ್ತಂತೆ, ಆದರೆ ಅದು ಮುಂಬಯಿಯಿಂದ ಹೊರಟು ಕಾಗಾಲ ಮುಟ್ಟುವಷ್ಟರಲ್ಲಿ ರಾಜ್ಯವೇ ಬದಲಾಗಿತ್ತು. ಮೈಸೂರು ಸರಕಾರದ ಕಾಯ್ದೆಗೆ ಹಾಗಾಗಬಾರದೆಂದು ಹೊನ್ನ ರೇಂಜರ್ ಸಾಹೇಬರಿಗೆ ವರದಿ ಒಪ್ಪಿಸಿದ.

ರೇಂಜರು ಧಾರವಾಡದ ಕಡೆಯವರು. ಬಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಊಟ ಬಿಟ್ಟು ಜೀಪು ಹತ್ತಿದರು. ಚಾದಂಗಡಿಯಲ್ಲೇ ವಿಚಾರಣೆ ಶುರುವಾಯಿತು.

"ಬಾತು ತಿಂದದ್ದು ನೋಡಿದಾವ್ರು ಯಾರ್ರೀ?"

ಸರಕಾರ ಕೇಳುತ್ತಿರುವುದು ಸಾಕ್ಷಿಗೆ ಎಂದು ತಿಳಿದು ಸುಬ್ಬ ಎದೆಯುಬ್ಬಿಸಿ ಮುಂದೆ ಬಂದ. "ನೋಡೂದೆಂತ ಒಡೆಯಾ, ತಿಂದಿದ್ದೆ. ಒಂದು ಕಾಲು ನಂಗೇ ಬಂದಿತ್ತು."

"ಕಾಲು ಬಂದದ್ದು ನಂಗೆ" ಎಂದ ವೆಂಕ್ಟ್ರಮಣ.

"ನಾ ತಿಂದದ್ದು ಮತ್ತೆ ಎಂತದು?" ಎಂದು ರಾಮ ಗುನಗ ಹಿಂದಿನಿಂದ ಕೇಳಿದ.

ರೇಂಜರು ಮೂವರನ್ನೂ ನೋಡಿದರು. "ಮೂರು ಕಾಲಿನ ಬಾತು. ಇನ್ನೂ ಯಾರಿಗಾದ್ರೂ ಕಾಲು ಬಂದದ ಏನು?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ಒಬ್ಬ ಅರ್ಧ ಕೈ ಎತ್ತಿದ. "ಛಲೋ ಆತು. ಕೊಂದಾಂವ ಅಷ್ಟೇ ಅಲ್ಲ, ತಿಂದಾವ್ರೂ ಕೇಸಿನಾಗ ಬರ್ತಾರ" ಎಂದರು ರೇಂಜರು. ಎತ್ತಿದ ಕೈ ತಲೆ ಕೆರೆದುಕೊಂಡು ಕೆಳಗಿಳಿಯಿತು.

ಆಮೇಲೆ ಕಾಗಾಲದಲ್ಲಿ ಬಾತು ತಿಂದವರು ಯಾರೂ ಉಳಿಯಲಿಲ್ಲ. ಸುಬ್ಬನಿಗೆ ಆ ವಾರ ಹೊಟ್ಟೆ ಸರಿಯಿರಲಿಲ್ಲ. ವೆಂಕ್ಟ್ರಮಣ ತಿಂದದ್ದು ಬೇರೆ ಯಾವುದೋ ಕಾಲು. ಗುನಗ ತಾನು ಹುಟ್ಟಿನಿಂದಲೇ ಬಾತು ಮುಟ್ಟಿದವನಲ್ಲ ಎಂದು ಜನಿವಾರ ಹುಡುಕಿ, ಸಿಗದೆ, ಕಂಬ ಮುಟ್ಟಿ ಆಣೆ ಹಾಕಿದ. ತಿಂದವನಾಗಿ ಉಳಿದವನು ತಿನ್ನದ ದುರ್ಗಪ್ಪ ಒಬ್ಬನೇ.

"ಬಳಿ ಎಲ್ಲದ?" ಎಂದರು ರೇಂಜರು.

"ಬಾತಿನ ಕಾಲಲ್ಲೇ ಇದೆ, ಸಾಯ್ಬ್ರೆ."

"ಬಾತು ಎಲ್ಲದ?"

"ಹಾರಿ ಹೋತು."

ತಲೆಯ ಮೇಲೆ ಕೇಸು ತೂಗುತ್ತಿದ್ದರೂ ಅಂಗಡಿಯವರಿಗೆ ನಗು ತಡೆಯಲಾಗಲಿಲ್ಲ. ರೇಂಜರು ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ಕುಳಿತು ಎಲ್ಲರಿಗೂ ತಿಳಿಯುವಂತೆ ವಿವರಿಸಿದರು. ಈ ಹಕ್ಕಿಗಳು ಹಿಮಾಲಯದ ಆಚೆಯಿಂದ, ರಷ್ಯಾದ ಕಡೆಯಿಂದ ಬರುತ್ತವೆ. ಅಲ್ಲಿ ಮರಿಯಾಗುತ್ತವೆ, ಇಲ್ಲಿ ಚಳಿಗಾಲ ಕಳೆಯುತ್ತವೆ. ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯಲು ವಿಜ್ಞಾನಿಗಳು ಬಳೆ ಹಾಕಿ ಬಿಡುತ್ತಾರೆ. ಸಿಕ್ಕಿದ ದೇಶದವರು ಹಾಕಿದ ದೇಶದವರಿಗೆ ತಿಳಿಸಬೇಕು. ಅವರು ಅಲ್ಲಿ ಕಾದು ನಾವು ಇಲ್ಲಿ ತಿಂದರೆ ಹಕ್ಕಿ ಉಳಿಯುವುದಿಲ್ಲ. ದೇಶ ದೇಶಗಳು ಕೂಡಿಯೇ ಕಾಯಬೇಕು.

ಇಷ್ಟು ಹೇಳಿ, ಮಂಗಳವಾರದೊಳಗೆ ಬಳೆ ತಂದೊಪ್ಪಿಸದಿದ್ದರೆ ಕೇಸು ಹಾಕುವುದಾಗಿ ತಿಳಿಸಿ ಜೀಪು ಹತ್ತಿದರು. ಹಿಂದೆ ಕುಳಿತ ಹೊನ್ನ ದುರ್ಗಪ್ಪನ ಮನೆ ಬರುವವರೆಗೆ ನೆಟ್ಟಗೆ ನೋಡುತ್ತಿದ್ದ, ಮನೆ ಬಂದಾಗ ಟೊಪ್ಪಿ ಸರಿಮಾಡಿಕೊಂಡ.

ಸಾಹೇಬರು ಹೋದ ಮೇಲೆ ಊರಿನಲ್ಲಿ ಚರ್ಚೆ ಹೊಸ ದಾರಿ ಹಿಡಿಯಿತು. ಹರಕೆ ಯಾವ ದೇವರದೆಂದು ಗೊತ್ತಾಗದೆ ಜನ ಒದ್ದಾಡುತ್ತಿದ್ದರು. ಈಗ ಗೊತ್ತಾಯಿತು, ರಷ್ಯಾದ ದೇವರದು.

"ರಷ್ಯಾದವ್ರಿಗೆ ದೇವ್ರಿಲ್ಲ ಅಂತ ಪೇಪರಲ್ಲಿ ಬಂದಿತ್ತು" ಎಂದ ವೆಂಕ್ಟ್ರಮಣ.

"ದೇವ್ರಿಲ್ದೆ ಬಳಿ ಯಾರಿಗೆ ಅಂತ ಹಾಕ್ತರು?" ಎಂದ ಸುಬ್ಬ. ವೆಂಕ್ಟ್ರಮಣ ಚಾದ ಲೋಟ ತೊಳೆಯಲು ಎದ್ದ.

ಕಷ್ಟವಿದ್ದದ್ದು ತಪ್ಪುಕಾಣಿಕೆಯದು. ಹೆಸರು ಗೊತ್ತಿಲ್ಲದ, ಹಿಮಾಲಯದ ಆಚೆ ಇರುವ ದೇವರಿಗೆ ಕಾಣಿಕೆ ಮುಟ್ಟಿಸುವುದು ಹೇಗೆ? ರಾಮ ಗುನಗ ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತು ದಾರಿ ಕಂಡುಹಿಡಿದ.

"ಸಾಯ್ಬ್ರು ಎಂತ ಹೇಳಿದ್ರು? ಆ ಸರ್ಕಾರಕ್ಕೂ ಈ ಸರ್ಕಾರಕ್ಕೂ ಮಾತಾಗಿದೆ ಅಂದ್ರು. ಸರ್ಕಾರ ಸರ್ಕಾರಕ್ಕೆ ಮಾತಾಗ್ತದೆ ಅಂದ್ರೆ ದೇವ್ರು ದೇವ್ರಿಗೆ ಆಗೂದಿಲ್ಲನಾ? ನಮ್ಮ ಅಮ್ಮನವ್ರ ಮುಂದೆ ಒಂದು ಕೋಳಿ ಕೊಟ್ರೆ ಆತು. ಮುಂದಿಂದು ಅಮ್ಮನವ್ರು ನೋಡ್ಕಳ್ತರು. ಆದ್ರೆ ಕಡ್ದವನೇ ಕಡಿಬೇಕು."

ಅಂತರರಾಷ್ಟ್ರೀಯ ಸಹಕಾರದ ಬಗ್ಗೆ ಇಷ್ಟು ಖಚಿತವಾದ ಮಾತು ದೊಡ್ಡ ದೊಡ್ಡ ಸಭೆಗಳಲ್ಲೂ ಬಂದಿರಲಾರದು. ವೆಂಕ್ಟ್ರಮಣ ಮರುದಿನವೇ ಹೊನ್ನಾವರದ ಬಸ್ಸು ಹತ್ತಿ ಪರಮೇಶ್ವರಿಗೆ ಸುದ್ದಿ ಮುಟ್ಟಿಸಿದ. ಅವಳು ಯೋಚಿಸಿ ಹೇಳಿದಳು, "ನನ್ನ ಕಣ್ಣೆದುರಿಗೆ ದೋಷ ಕಳೀಲಿ. ಆಮೇಲೆ ನೋಡ್ವ. ಹುಡ್ಗನೂ ಸರಿ ಊಟ ಮಾಡ್ತಿಲ್ಲ."

ಹೀಗೆ ಮಂಗಳವಾರ ಬಂತು. ಅಮ್ಮನವರ ಕಲ್ಲಿನ ಮುಂದೆ, ಸುರಗಿ ಮರದ ಕೆಳಗೆ, ಊರೇ ಸೇರಿತ್ತು. ಪರಮೇಶ್ವರಿ ಬಂದಿದ್ದಳು. ಬಳೆಗಾಗಿ ರೇಂಜರೂ ಬಂದಿದ್ದರು, ಅವರ ಹಿಂದೆ ಹೊನ್ನ. ಕೋಳಿ ಕಂಡು ಸಾಹೇಬರು ಹುಬ್ಬೇರಿಸಿದಾಗ ಹೊನ್ನ ಗಂಭೀರವಾಗಿ, "ಸಾಹೇಬ್ರೆ, ಸಾಕಿದ ಕೋಳಿ ಕಾಯ್ದೆಲಿ ಬರೂದಿಲ್ಲ" ಎಂದು ವಿನಂತಿಸಿಕೊಂಡ.

ದುರ್ಗಪ್ಪ ಮಿಂದು, ಒದ್ದೆ ಪಂಜೆಯಲ್ಲಿ, ಒಂದು ಕೈಯಲ್ಲಿ ಕೆಂಪು ಹುಂಜ, ಇನ್ನೊಂದರಲ್ಲಿ ಕತ್ತಿ ಹಿಡಿದು ನಿಂತ. ಇದೊಂದು ಏಟು ಹೊಡೆದರೆ ಮಗಳ ಮದುವೆಯಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಕತ್ತಿ ಎತ್ತಿದ. ಇಳಿಸಿ, ಹುಂಜದ ಕತ್ತಿನ ಗರಿಗೆ ಹತ್ತಿದ್ದ ಹುಲ್ಲುಕಡ್ಡಿ ತೆಗೆದ. ಮತ್ತೆ ಎತ್ತಿದ. "ಬಿಸ್ಲು ಬೀಳ್ತಿದೆ ಅದ್ಕೆ" ಎಂದು ಎರಡು ಹೆಜ್ಜೆ ನೆರಳಿಗೆ ಸರಿದ.

"ದುರ್ಗಪ್ಪಾ, ಹೊತ್ತಾತು" ಎಂದ ಗುನಗ.

"ಅದ್ಕೊಂದು ಗುಟುಕು ನೀರು ಕೊಡ್ವನಾ?" ಎಂದ ದುರ್ಗಪ್ಪ.

ಯಾರೋ ಚಿಪ್ಪಿನಲ್ಲಿ ನೀರು ತಂದರು. ಹುಂಜ ಕುಡಿಯಿತು, ತಲೆ ಓರೆ ಮಾಡಿ ಅವನನ್ನು ನೋಡಿತು. ಕತ್ತಿ ಮತ್ತೆ ಕೆಳಗಿಳಿಯಿತು. ದುರ್ಗಪ್ಪ ಕೋಳಿಯನ್ನು ಎದೆಗೆ ಒತ್ತಿಕೊಂಡು ಜನರ ಕಡೆ ತಿರುಗಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ನಂಗೆ ಆಗೂದಿಲ್ಲ. ಬಾತೂ ಹೀಂಗೇ ನೋಡ್ತು. ನಾ ಹುಟ್ಟಿ ಒಂದು ಕೋಳಿ ಕಡ್ದವ್ನಲ್ಲ. ನೀವೆಲ್ಲಾ ನಗ್ತ್ರಿ ಅಂತ ಸುಳ್ಳು ಹೇಳ್ದೆ. ನನ್ನ ಕೇಸಲ್ಲಿ ಹಾಕಿ ಸಾಯ್ಬ್ರೆ, ಅಡ್ಡಿಲ್ಲ. ನನ್ನ ಮಗ್ಳ ಸಂಬಂಧ ಒಂದು ಮುರೀಬ್ಯಾಡಿ."

ಯಾರೂ ನಗಲಿಲ್ಲ. ಸುಬ್ಬ ನೆಲ ನೋಡುತ್ತ, "ನಂಗೆ ಕಾಲು ಬಂದಿರ್ಲಿಲ್ಲ" ಎಂದ. ವೆಂಕ್ಟ್ರಮಣನೂ ಅದನ್ನೇ ಹೇಳಿದ.

ರೇಂಜರು ಟೊಪ್ಪಿ ತೆಗೆದು ತಲೆ ಸವರಿಕೊಂಡರು. "ಈ ಮನುಷ್ಯಾ ಬಾತು ಕೊಂದಾನ ಅಂತ ನಾ ಕೇಸು ಹಾಕಿದ್ರ ಕೋರ್ಟಿನಾಗ ನನ್ನ ನೋಡಿ ನಗ್ತಾರ" ಎಂದರು. "ಸತ್ತ ಹಕ್ಕಿ ಬಳಿ ರಷ್ಯಾಕ್ಕ ಕಳಿಸೋದು ಇದ್ದೇ ಅದ. ಜೀವಂತ ಬಿಟ್ಟಾರ ಅಂತ ತಿಳಿಸೋದು ಅದಕ್ಕಿಂತ ಛಲೋ. ಕಾಗಾಲದ ದುರ್ಗಪ್ಪ ಅಂತ ನಿಮ್ಮ ಹೆಸರೂ ಬರೀತೀನಿ."

"ಕಾಲಿಗೆ ಎಣ್ಣಿ ಹಚ್ಚಿದ್ದೂ ಬರೀರಿ" ಎಂದ ದುರ್ಗಪ್ಪ ಮೂಗು ಏರಿಸಿಕೊಳ್ಳುತ್ತ.

ಪರಮೇಶ್ವರಿ ಮಾಸ್ತಮ್ಮನ ಹತ್ತಿರ ಬಂದು ಕೈ ಹಿಡಿದಳು. "ಹಕ್ಕಿಗೆ ಎಣ್ಣಿ ಹಚ್ಚೂ ಮನಿ ಹೆಣ್ಣು. ನಮ್ಮನಿಗೆ ಬಂದ್ರೆ ನನ್ನ ಮಗ್ನ ಮೆತ್ತಗೆ ನೋಡ್ಕಂಡೀತು. ವೀಳ್ಯ ತಕಂಬನ್ನಿ."

ಎಲ್ಲರ ಮುಖ ಅರಳಿತು. ಗುನಗನ ಮುಖ ಒಂದು ಬಿಟ್ಟು. "ಅದೆಲ್ಲಾ ಆತು. ಅಮ್ಮನವ್ರ ಮುಂದೆ ನಿಲ್ಸಿದ ಕೋಳಿ ವಾಪಸ್ ಹೋಗೂಕಿಲ್ಲ. ಯಾರಾದ್ರೂ ಆ ಮನಿಯವ್ರೇ..." ಎಂದು ರಾಗ ಎಳೆದ.

ಹೆಂಗಸರ ಗುಂಪಿನಿಂದ ಸಣ್ಣಿ ಸೆರಗು ಸಿಕ್ಕಿಸಿಕೊಂಡು ಬಂದಳು. ಅಪ್ಪನ ಕಂಕುಳಿಂದ ಹುಂಜವನ್ನು ಬಿಡಿಸಿದಳು, ಕೈಯಿಂದ ಕತ್ತಿ ತೆಗೆದುಕೊಂಡಳು, ಕಲ್ಲಿಗೆ ಒಂದು ಸಲ ಕೈಮುಗಿದಳು. ಹೆಂಗಸರು ಕಡಿಯುವ ಪದ್ಧತಿ ಇಲ್ಲ ಎಂದು ಹೇಳಲು ಗುನಗ ಬಾಯಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವಳು ಕತ್ತಿಯನ್ನು ಹುಲ್ಲಿಗೆ ಒರೆಸಿ, "ಸಾರು ಎಷ್ಟು ಜನಕ್ಕೆ?" ಎಂದು ತಾಯಿಯನ್ನು ಕೇಳಿದಳು.

ಹೊನ್ನ ಮುಖ ಬಿಳಿಚಿಕೊಂಡು ಸುರಗಿ ಮರಕ್ಕೆ ಒರಗಿ ನಿಂತಿದ್ದ. ದುರ್ಗಪ್ಪ ಮೆಲ್ಲನೆ ಅವನ ಪಕ್ಕಕ್ಕೆ ಹೋಗಿ ಹೆಗಲ ಮೇಲೆ ಕೈಯಿಟ್ಟ.

"ಹೆದ್ರಬ್ಯಾಡ ಮಗಾ" ಎಂದ. "ಅವ್ಳ ಅಮ್ಮನೂ ಹೀಂಗೇ. ನಾ ಇಷ್ಟ್ ವರ್ಷ ಬದ್ಕಿದ್ನಲ್ಲ."